ಎಲ್ಲರ ಫೋಲ್ಡರ್‌ಗೆ ಯಾವುದು ಸರಿ: ಸೆಟ್‌ಜಿಐಡಿನಾ, ಎಸಿಎಲ್ಲಾ?

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಶಿವರಾತ್ರಿ ಬಂತೆಂದರೆ ಸಿದ್ಧಗಂಗೆ ಜಾತ್ರೆಯ ಕರಪತ್ರ. ಫೈಲ್‌ಗಳೆಲ್ಲ ಒಂದೇ ಉಬುಂಟು (ಲಿನಕ್ಸ್) ಮೆಷಿನ್‌ನಲ್ಲಿ. ಒಬ್ಬರು ಮಾಡಿದ ಕಾರ್ಡನ್ನು ಇನ್ನೊಬ್ಬರು ತಿದ್ದಲು ಹೋದರೆ ‘ಪರ್ಮಿಷನ್ ಡಿನೈಡ್’. ಫೋಲ್ಡರ್‌ಗೆ 777, ಅಂದರೆ ಎಲ್ಲರಿಗೂ ಪೂರ್ತಿ ಹಕ್ಕು, ಕೊಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. ಗಿರಾಕಿಗಳ ಆಧಾರ್ ನಕಲು ಇರುವ ಜಾಗಕ್ಕೆ ಅದು ಬೇಡವೇ ಬೇಡ. ಮೇಲಾಗಿ ಹೊಸ ಫೈಲ್‌ಗೆ ಆ 777 ಅಂಟುವುದೂ ಇಲ್ಲ.

ಮೊದಲು ಸೆಟ್‌ಜಿಐಡಿ ನೋಡಿದೆ, ಫೋಲ್ಡರ್‌ನ ಗ್ರೂಪನ್ನು (ಬಳಕೆದಾರರ ಗುಂಪು) ಒಳಗಿನ ಹೊಸ ಫೈಲ್‌ಗೂ ಕೊಡುವ ಗುರುತು ಅದು. ಒಂದು ಗ್ರೂಪ್ ಮಾಡಿ, ಫೋಲ್ಡರನ್ನು ಅದರ ಹೆಸರಿಗೆ ಹಾಕಿ, ಹಕ್ಕು ಬದಲಿಸುವ ಕಮಾಂಡ್ ಸಿಎಚ್‌ಮಾಡ್ 2770. 770 ಅಂದರೆ ಮಾಲೀಕನಿಗೂ ಗ್ರೂಪಿಗೂ ಪೂರ್ತಿ ಹಕ್ಕು, ಹೊರಗಿನವರಿಗೆ ಏನೂ ಇಲ್ಲ. ಮುಂದಿನ 2 ಇದೆಯಲ್ಲ, ಅದೇ ಸೆಟ್‌ಜಿಐಡಿ, ಅದರಲ್ಲೇ ಇರುವುದು ಮಜಾ. ಯಾರೇ ಫೈಲ್ ಮಾಡಿದರೂ ಫೋಲ್ಡರ್‌ನ ಗ್ರೂಪೇ ಅದಕ್ಕೆ ಬರುತ್ತದೆ, ಹೊಸ ಸಬ್‌ಫೋಲ್ಡರ್‌ಗೂ ಅದೇ ಗುಣ. ಆದರೆ ಗ್ರೂಪ್ ಬಂದರೆ ಬರೆಯುವ ಹಕ್ಕು ಬಂತು ಅಂತಲ್ಲ. ಹೊಸ ಫೈಲ್‌ನಿಂದ ಯಾವ ಹಕ್ಕು ಕಳೆಯಬೇಕೆಂದು ಹೇಳುವ ಯುಮಾಸ್ಕ್ 022 ಇದ್ದರೆ ಫೈಲ್ 644 (ಬರೆಯುವ ಹಕ್ಕು ಮಾಲೀಕನಿಗೆ ಮಾತ್ರ) ಆಗಿ ಹುಟ್ಟುತ್ತದೆ, ಉಳಿದವರು ಸುಮ್ನೆ ನೋಡಬಹುದು ಅಷ್ಟೇ. ಎಲ್ಲರಿಗೂ 002 ಮಾಡಬೇಕು. ಉಬುಂಟುವಿನಲ್ಲಿ ಪ್ರತಿಯೊಬ್ಬರಿಗೂ ಅವರದೇ ಗ್ರೂಪ್ ಇರುವುದರಿಂದ, ಅವರ ಬೇರೆ ಫೈಲ್‌ಗಳನ್ನೂ ಉಳಿದವರು ತಿದ್ದಿಬಿಡುತ್ತಾರೆಂದು ಹೆದರಬೇಕಿಲ್ಲ.

ಎಸಿಎಲ್‌ನಲ್ಲಿ, ಅಂದರೆ ಯಾರಿಗೆ ಯಾವ ಹಕ್ಕೆಂದು ಹೆಸರು ಹಿಡಿದು ಬರೆಯುವ ಪಟ್ಟಿಯಲ್ಲಿ, ಈ ಯುಮಾಸ್ಕ್ ತಲೆನೋವಿಲ್ಲ. ಸೆಟ್‌ಎಫ್‌ಎಸಿಎಲ್ ಕಮಾಂಡ್‌ನಿಂದ ಫೋಲ್ಡರ್‌ಗೆ ಡೀಫಾಲ್ಟ್ ಹಕ್ಕು ಬರೆದರೆ ಯುಮಾಸ್ಕನ್ನು ಯಾರೂ ಕೇಳುವುದಿಲ್ಲ. ಪ್ರೂಫ್ ನೋಡುವ ಮೇಷ್ಟ್ರಿಗೆ ಓದುವ ಹಕ್ಕು ಮಾತ್ರ ಕೊಡಬೇಕಿತ್ತು. ಒಂದೇ ಗ್ರೂಪ್ ಹಿಡಿಯುವ ಸೆಟ್‌ಜಿಐಡಿಗೆ ಅದು ಆಗದ ಮಾತು, ಇಲ್ಲಿ ಒಂದು ಸಾಲಿನ ಕೆಲಸ. ಬೇಜಾರೆಂದರೆ, ಫೈಲ್ ಪಟ್ಟಿ ತೋರಿಸುವ ಎಲ್‌ಎಸ್‌ನಲ್ಲಿ ಹಕ್ಕುಗಳ ಕೊನೆಗೊಂದು ಪ್ಲಸ್ ಗುರುತು ಮಾತ್ರ ಕಾಣುತ್ತದೆ. ಯಾರಿಗೆ ಏನಿದೆ ಅಂತ ತಿಳಿಯಲು ಗೆಟ್‌ಎಫ್‌ಎಸಿಎಲ್ ಕಮಾಂಡ್ ಹಾಕಲೇಬೇಕು.

ಎರಡೂ ಕೈಕೊಡುವ ಜಾಗ ಗಿರಾಕಿಯ ಪೆನ್‌ಡ್ರೈವ್. ಅಲ್ಲಿನ ಫೈಲ್ 644 ಅಂತ ಕಂಡರೆ, ಸಿಪಿ ಕಮಾಂಡ್‌ನಿಂದ ನಕಲು ಮಾಡಿದ ಪ್ರತಿಯೂ 644. ಯುಮಾಸ್ಕ್ ಇರುವ ಹಕ್ಕನ್ನು ಕಳೆಯುತ್ತದೆ, ಇಲ್ಲದ್ದನ್ನು ಕೂಡಿಸುವುದಿಲ್ಲ ಅಲ್ವಾ? ಎಸಿಎಲ್ ಫೋಲ್ಡರ್‌ನಲ್ಲಂತೂ ಗ್ರೂಪಿಗೆ ಪೂರ್ತಿ ಹಕ್ಕು ಬರೆದೇ ಇರುತ್ತದೆ, ಪಕ್ಕದಲ್ಲಿ ‘ಎಫೆಕ್ಟಿವ್: ಓದು ಮಾತ್ರ’ ಎನ್ನುವ ಅರ್ಥದ ಟಿಪ್ಪಣಿ! ಎಸಿಎಲ್‌ನ ಮಾಸ್ಕ್, ಅಂದರೆ ಹಕ್ಕಿಗೆ ಹಾಕಿದ ಮೇಲ್ಮಿತಿ, ತಡೆದಿರುತ್ತದೆ. ಆ ಫೈಲ್‌ಗೆ ಸಿಎಚ್‌ಮಾಡ್ ಜಿ+ಡಬ್ಲ್ಯು (ಗ್ರೂಪಿಗೆ ಬರೆಯುವ ಹಕ್ಕು) ಹಾಕಿದರೆ ಎರಡು ಕಡೆಯೂ ಸರಿಹೋಗುತ್ತದೆ. ಅದೇ ಡಿಸ್ಕ್ ಪಾರ್ಟಿಷನ್‌ನಲ್ಲಿರುವ ಹೋಮ್ ಫೋಲ್ಡರ್‌ನಿಂದ ಎಂವಿ ಕಮಾಂಡ್‌ನಲ್ಲಿ ಸರಿಸಿದರೆ ಇನ್ನೂ ಕಷ್ಟ, ಫೈಲ್ ಹಳೆಯ ಗ್ರೂಪನ್ನೇ ಹೊತ್ತು ಬರುತ್ತದೆ.

ನನ್ನ ಓಟು ಸೆಟ್‌ಜಿಐಡಿಗೆ. ಒಂದೇ ನೋಟಕ್ಕೆ ಅರ್ಥವಾಗುತ್ತದೆ, ಹೊಸಬರಿಗೆ ಹೇಳಿಕೊಡುವುದೂ ಸುಲಭ. ಮೇಷ್ಟ್ರ ಪ್ರೂಫ್ ಫೋಲ್ಡರ್‌ಗೆ ಮಾತ್ರ ಅದರ ಮೇಲೆ ಎಸಿಎಲ್ ಹಾಕಿದ್ದೇನೆ. ಅದರ ಬ್ಯಾಕಪ್‌ಗೆ ನಕಲು ಮಾಡುವ ಆರ್‌ಸಿಂಕ್ ಕಮಾಂಡ್‌ನ ಸಣ್ಣ ‘ಎ’ (-a) ಸಾಲದು, ದೊಡ್ಡ ‘ಎ’ (-A) ಕೂಡ ಕೊಡಬೇಕು, ಇಲ್ಲದಿದ್ದರೆ ಎಸಿಎಲ್ ಇಲ್ಲದೆ ಬರೀ ಫೈಲ್ ಹೋಗುತ್ತದೆ.