ಪರದೇಶದಲ್ಲಿ ಉಡುಗೆ: ಅಲ್ಲಿಯವರ ಹಾಗೋ, ನಿಮ್ಮ ಹಾಗೋ?

ಅಲ್ಲಿಯವರ ಹಾಗೆ ಉಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಜೇಬುಗಳ್ಳರ ಕಣ್ಣು ಹೊಸಬರ ಮೇಲೇ ಜಾಸ್ತಿ, ಅಲ್ವಾ? ಚಳಿ ನಾಡಿನಲ್ಲಂತೂ ಅವರ ಕೋಟು, ಬೂಟು ನೋಡಿ ಕೊಳ್ಳುವುದೇ ಜಾಣತನ. ಅದು ಫ್ಯಾಷನ್ ಅಲ್ಲ, ಮೈ ಬೆಚ್ಚಗಿಡುವ ಲೆಕ್ಕ. ತೊಂದರೆ ಏನೆಂದರೆ, ನೋಡನೋಡುತ್ತಲೇ ಬೀರು ತುಂಬ ಕಪ್ಪು, ಬೂದು ಬಟ್ಟೆಗಳೇ ಆಗುತ್ತವೆ. ಕನ್ನಡಿಯಲ್ಲಿ ಬೇರೆ ಯಾರೋ ನಿಂತ ಹಾಗಿರುತ್ತದೆ.

ನಿಮ್ಮದೇ ಶೈಲಿ ಉಳಿಸಿಕೊಂಡರೆ ಜನ ನೋಡುತ್ತಾರೆ, ಕೇಳುತ್ತಾರೆ. ಕೆಲವು ದಿನ ಅದು ಸಾಕಾಗಿಯೂ ಹೋಗುತ್ತದೆ. ಆದರೆ ಸಾಸಿವೆ ಬಣ್ಣದ ಒಂದು ಶಾಲು ಅಪರಿಚಿತರ ಜೊತೆ ಮಾತು ಶುರು ಮಾಡಿಸುತ್ತದೆ. ಹೆಸರು ಮರೆತವರಿಗೂ ಶಾಲು ನೆನಪಿರುತ್ತದೆ.

ಸಂದರ್ಶನ, ಪ್ರಾರ್ಥನೆಯ ಜಾಗ, ಉಡುಗೆಗೆ ಕಾನೂನಿರುವ ಕಡೆ ಸುಮ್ನೆ ಅಲ್ಲಿನ ರೀತಿ ಹಿಡಿಯಿರಿ. ಉಳಿದ ಕಡೆ ನನ್ನ ಓಟು ಸ್ವಂತ ಶೈಲಿಗೆ. ಧೈರ್ಯ ಸಾಲದಿದ್ದರೆ ಕೋಟು ಅವರದಿರಲಿ, ಓಲೆ ನಿಮ್ಮದಿರಲಿ.