ಅಪರಿಚಿತ ಶವದ ಮಾದರಿ ಕಿಟ್: ಕರಾವಳಿಯ ಮಳೆಗಾಲಕ್ಕೆ ಎಷ್ಟು ಸರಿ?

ಶವಾಗಾರದಲ್ಲಿರುವ ಅಪರಿಚಿತ ಶವ ಕಾಣೆಯಾದವರ ಪಟ್ಟಿಯ ಯಾರದ್ದೆಂದು ಪತ್ತೆಹಚ್ಚಲು ಬಳಸುವ ಮಾದರಿ ಸಂಗ್ರಹ ಕಿಟ್‌ಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಜಿಪ್ ಇರುವ ಶವದ ಚೀಲ, ಬೆರಳಚ್ಚಿನ ಸಾಮಾನು, ಸ್ವಾಬ್ (ಮಾದರಿ ಒರೆಸಿ ತೆಗೆಯುವ ಹತ್ತಿಯ ಕಡ್ಡಿ), ಎಫ್‌ಟಿಎ ಕಾರ್ಡ್ (ರಕ್ತದ ಹನಿಯ ಡಿಎನ್‌ಎ ಉಳಿಸುವ ರಾಸಾಯನಿಕ ಲೇಪಿತ ಕಾಗದ), ತಿರುಪು ಮುಚ್ಚಳದ ಬಾಟಲಿ, ಲಕೋಟೆ, ಸಿಲಿಕಾ ಜೆಲ್, ಲೇಬಲ್, ಸೀಲ್ ಟೇಪ್. ಬಯಲುಸೀಮೆಯ ಒಣ ಹವೆಗೆ ಇಷ್ಟು ಸಾಕು. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ, ಆಟಿ ತಿಂಗಳಲ್ಲಿ ಒಗೆದ ಬಟ್ಟೆಯೂ ಒಣಗದ ಮಂಗಳೂರು–ಉಡುಪಿಗೆ ಸಾಲದು. ಇಲ್ಲಿ ಶವದ ಗುರುತು ಅಳಿಸುವುದು ನೀರಿನಲ್ಲಿ, ಮಣ್ಣಿನಲ್ಲಿ ಮಾತ್ರ ಅಲ್ಲ. ಸ್ಥಳದಿಂದ ಪ್ರಯೋಗಾಲಯಕ್ಕೆ ಹೋಗುವ ದಾರಿಯ ತೇವದಲ್ಲೂ ಅಳಿಸುತ್ತದೆ. ಕಿಟ್ ಆ ತೇವವನ್ನು ಎಷ್ಟು ತಡೆಯುತ್ತದೆ ಎಂಬುದೇ ಈ ವಿಮರ್ಶೆಯ ಅಳತೆಗೋಲು.

ಚೀಲದಿಂದ ಶುರು ಮಾಡೋಣ. ತೆಳು ಪಿವಿಸಿ ಚೀಲ ಗುಡ್ಡದ ಮೇಲೆ ಸಿಕ್ಕ ಶವಕ್ಕೆ ಪರವಾಗಿಲ್ಲ, ನೇತ್ರಾವತಿಯಿಂದಲೋ ಅಳಿವೆಯಿಂದಲೋ ಎತ್ತಿದ ಶವಕ್ಕೆ ಬೇಡ. ನೀರು ಒಳಗೇ ನಿಂತು, ಜೀಪಿನ ಬಿಸಿಗೆ ಕೊಳೆಯುವಿಕೆ ಇನ್ನೂ ಚುರುಕಾಗುತ್ತದೆ. ನೀರು ಬಸಿಯುವ ಸಣ್ಣ ಕಣ್ಣಿನ ಜಾಲರಿಯ ಚೀಲ ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನೇ ಕೊಳ್ಳಬೇಕು. ಕೊಳೆತ ಶವದಲ್ಲಿ ಒಂದೇ ಬೇರಿನ ಮುಂಭಾಗದ ಹಲ್ಲುಗಳು ತಾವಾಗಿ ಕಳಚುತ್ತವೆ, ಉಗುರು, ಚರ್ಮ ಜಾರುತ್ತವೆ. ಜಾಲರಿ ಇವನ್ನೆಲ್ಲ ಹಿಡಿದಿಡುತ್ತದೆ. ಕೈಗೆ ಕಟ್ಟಲು ಕೊಡುವ ಕಾಗದದ ಚೀಲ ಒದ್ದೆ ಕೈಯಲ್ಲಿ ಹರಿಯುತ್ತದೆ. ತೆಳು ಬಟ್ಟೆಯ ಚೀಲವನ್ನು ಮಣಿಕಟ್ಟಿಗೆ ಕಟ್ಟಿ, ಶವವನ್ನು ಬೇಗ 4 ಡಿಗ್ರಿ ಸೆಲ್ಸಿಯಸ್ ಶೈತ್ಯಾಗಾರಕ್ಕೆ ಸೇರಿಸಬೇಕು.

ಬೆರಳಚ್ಚಿನ ಪೆಟ್ಟಿಗೆಯೇ ಕಿಟ್‌ನ ಅತ್ಯಂತ ದುರ್ಬಲ ಭಾಗ. ಶಾಯಿ, ರೋಲರ್, ಹತ್ತು ಬೆರಳಿನ ನಮೂನೆ ಇರುತ್ತವೆ. ಆದರೆ ನಮ್ಮ ಬೆಚ್ಚನೆಯ ನೀರಿನಲ್ಲಿ ಮುಳುಗಿದ ಶವ ಒಂದೆರಡು ದಿನದಲ್ಲೇ ತೇಲುತ್ತದೆ. ಅಷ್ಟರಲ್ಲಿ ಬೆರಳ ತುದಿ ಸುಕ್ಕಾಗಿರುತ್ತದೆ. ಇನ್ನೆರಡು ದಿನ ಕಳೆದರೆ ಹೊರಚರ್ಮ ಕೈಗವಸಿನಂತೆ ಕಳಚಿ ಬರುತ್ತದೆ. ಅದಕ್ಕೆ ನೇರ ಶಾಯಿ ಹಚ್ಚಿದರೆ ಸಿಗುವುದು ಕಪ್ಪು ಕಲೆ ಮಾತ್ರ. ಹೆಜ್ಜೆಗಳು ಹೀಗಿರಬೇಕು: ಮೊದಲು ಓರೆಬೆಳಕಿನಲ್ಲಿ ಅಳತೆಪಟ್ಟಿ ಇಟ್ಟು ಫೋಟೋ, ಏಕೆಂದರೆ ಮುಂದಿನ ಯಾವ ಹೆಜ್ಜೆಯಲ್ಲೂ ಚರ್ಮ ಹರಿಯಬಹುದು. ಆಮೇಲೆ ಕೆಸರನ್ನು ಮೆದುವಾಗಿ ತೊಳೆದು, ಸ್ಪಿರಿಟ್‌ನಿಂದ ಒರೆಸಿ ಒಣಗಿಸುವುದು. ಬರೀ ಸುಕ್ಕಾಗಿದ್ದರೆ ತುದಿಗಂಟಿನ ಕಡೆಯಿಂದ ಸೂಜಿ ಹಾಕಿ ಗ್ಲಿಸರಿನ್ ಅಥವಾ ಸಲೈನ್ ತುಂಬಿ ತುದಿಯನ್ನು ಉಬ್ಬಿಸುವುದು, ಸೂಜಿಯ ತೂತಿನಿಂದ ಸೋರದಂತೆ ದಾರ ಬಿಗಿಯುವುದು. ಚರ್ಮ ಕಳಚಿದ್ದರೆ ಆ ಕವಚವನ್ನು ಸ್ಪಿರಿಟ್‌ನಲ್ಲಿ ಅದ್ದಿ, ಗ್ಲೌಸ್ ತೊಟ್ಟ ತಮ್ಮ ಬೆರಳಿಗೇ ತೊಡಿಸಿಕೊಂಡು ಅಚ್ಚೊತ್ತುವುದು. ಕವಚವೂ ಕಳೆದುಹೋಗಿದ್ದರೆ ಒಳಚರ್ಮದಲ್ಲಿ ಮಸುಕಾದ ಗೆರೆ ಉಳಿದಿರುತ್ತದೆ. ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಬಿಸಿಯ ನೀರಿನಲ್ಲಿ ಸುಮಾರು 5 ಸೆಕೆಂಡು ಅದ್ದಿ ತೆಗೆದರೆ ಆ ಗೆರೆಗಳು ಉಬ್ಬಿ ನಿಲ್ಲುತ್ತವೆ. ಹೊತ್ತು ಮೀರಿದರೆ ಚರ್ಮ ಬೆಂದು ಹರಿಯುತ್ತದೆ. ಅಲ್ಲಿಗೂ ಶಾಯಿ ಬೇಡ. ಕಪ್ಪು ಪುಡಿ ಸವರಿ ಬಿಳಿ ಅಂಟು ಲೇಬಲ್‌ನಲ್ಲಿ ಎತ್ತಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿದರೆ ಸ್ಪಷ್ಟ ಅಚ್ಚು. ಕವಚದ ಒಳಮೈಯಿಂದ ಫೋಟೋ ತೆಗೆದಿದ್ದರೆ ಚಿತ್ರ ಕನ್ನಡಿಬಿಂಬವಾಗಿರುತ್ತದೆ, ಅದನ್ನು ನಮೂನೆಯಲ್ಲಿ ಬರೆಯದಿದ್ದರೆ ಹೋಲಿಕೆ ತಪ್ಪುತ್ತದೆ. ಸಿರಿಂಜ್, ಗ್ಲಿಸರಿನ್, ಕಪ್ಪು ಪುಡಿ, ಬಿಳಿ ಲೇಬಲ್ ಇವು ಕಿಟ್‌ನಲ್ಲಿ ಇರುವುದಿಲ್ಲ. ನಾವೇ ಸೇರಿಸಬೇಕು.

ಇಷ್ಟು ಕಷ್ಟಪಟ್ಟು ತೆಗೆದ ಅಚ್ಚಿಗೂ ಒಂದು ಮಿತಿಯಿದೆ. 2022ರಲ್ಲಿ ಚಾಲನೆಗೆ ಬಂದ, ದೇಶದ ಪೊಲೀಸರು ಬಳಸುವ ಬೆರಳಚ್ಚು ಹುಡುಕಾಟದ ನಾಫಿಸ್ ವ್ಯವಸ್ಥೆಯಲ್ಲಿ ಇರುವುದು ಅಪರಾಧ ದಾಖಲೆಗೆ ಸೇರಿದ ಬೆರಳಚ್ಚುಗಳು. ಆಧಾರ್‌ನ ಬೆರಳಚ್ಚು ಹಂಚುವುದಕ್ಕೆ ಆಧಾರ್ ಕಾಯ್ದೆಯೇ ತಡೆ ಒಡ್ಡುತ್ತದೆ. ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ದುಡಿಯುವ ಹೊರರಾಜ್ಯದ ಕಾರ್ಮಿಕನಿಗೆ ಇವೆರಡರಿಂದಲೂ ಹೆಸರು ಸಿಗದೆ ಹೋಗಬಹುದು. ಹಾಗಾಗಿ ಹಚ್ಚೆಯನ್ನು ಬಿಡಬಾರದು. ಹಚ್ಚೆಯ ಬಣ್ಣ ಒಳಚರ್ಮದಲ್ಲಿರುತ್ತದೆ. ಕಪ್ಪಾದ ಹೊರಪದರವನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಸರಿಸಿದರೆ ಅಕ್ಷರ, ಚಿತ್ರ ಎದ್ದು ಕಾಣುತ್ತವೆ. ಮೂಳೆಗೆ ಹಾಕಿದ ಪ್ಲೇಟು, ಪೇಸ್‌ಮೇಕರ್ ಇದ್ದರೆ ಅವುಗಳ ಮೇಲಿನ ಸಂಖ್ಯೆ ಯಾವ ನೀರಿಗೂ ಅಳಿಯುವುದಿಲ್ಲ.

ಇನ್ನು ಬಾಟಲಿ. ಫಾರ್ಮಲಿನ್ ತುಂಬಿದ ಬಾಟಲಿ ಬಂದರೆ ಅದನ್ನು ಡಿಎನ್‌ಎ ಮಾದರಿಗೆ ಮುಟ್ಟಲೇಬಾರದು. ಫಾರ್ಮಲಿನ್ ಅಂಗಾಂಶದ ರಚನೆ ಉಳಿಸುತ್ತದೆ, ಡಿಎನ್‌ಎಯನ್ನು ಹಾಳುಮಾಡುತ್ತದೆ. ಕೆಂಪಾಗಿ ಉಳಿದ ಆಳದ ಮಾಂಸಖಂಡವನ್ನು ಸಣ್ಣ ಚೂರುಗಳಾಗಿ ಕತ್ತರಿಸಿ, ಚೂರಿನ ಮೂರ್ನಾಲ್ಕು ಪಟ್ಟು 95 ಶೇಕಡ ಆಲ್ಕೋಹಾಲ್‌ನಲ್ಲಿ ಮುಳುಗಿಸಬೇಕು. ದೊಡ್ಡ ತುಂಡಾದರೆ ಆಲ್ಕೋಹಾಲ್ ನಡುವಿಗೆ ಇಳಿಯದೆ ಒಳಗೆ ಕೊಳೆಯುತ್ತದೆ. ಆಲ್ಕೋಹಾಲ್ ಸಿಗದ ಕಡೆ ಒಣ ಪುಡಿ ಉಪ್ಪಿನಲ್ಲಿ ಚೂರನ್ನು ಪೂರ್ತಿ ಹೂತಿಡುವುದು ಒಳ್ಳೆಯ ಬದಲಿ ದಾರಿ. ಉಪ್ಪು ನೀರನ್ನು ಹೀರಿ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಇಷ್ಟು ಅಗ್ಗದ ವಸ್ತುವನ್ನು ಕಿಟ್ ತಯಾರಕರು ಏಕೆ ಸೇರಿಸುವುದಿಲ್ಲವೋ ತಿಳಿಯದು. ಸ್ವಾಬ್ ಮಾತ್ರ ಗಾಳಿಯಾಡುವ ಪೆಟ್ಟಿಗೆಯದ್ದೇ ಬೇಕು. ಒದ್ದೆ ಸ್ವಾಬನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಮುಚ್ಚಿದರೆ ಬೂಸ್ಟು ಖಚಿತ.

ಬಾವಿಯ ಶವದ ವಿಷಯ ಬೇರೆ. ಗಾಳಿ ಕಡಿಮೆಯಿರುವ ನಿಂತ ನೀರಿನಲ್ಲಿ ಕೊಬ್ಬು ಮೇಣದಂಥ ಬಿಳಿ ಪದರವಾಗಿ ಗಟ್ಟಿಯಾಗುವುದುಂಟು. ಆಗ ಮುಖದ ಆಕಾರ, ಗಾಯದ ಗುರುತು ಬಹುಕಾಲ ಉಳಿಯುತ್ತವೆ. ಆ ಪದರವನ್ನು ಕೆರೆದು ತೆಗೆಯಬಾರದು.

ಮುರಕಲ್ಲಿನ ಕೆಂಪುಮಣ್ಣು ಇದಕ್ಕೆ ತದ್ವಿರುದ್ಧ. ಹುಳಿ ಮಣ್ಣು ಮೂಳೆಯ ಸುಣ್ಣದಂಶವನ್ನು ಕರಗಿಸುತ್ತದೆ, ಮಳೆನೀರು ಅದನ್ನು ಬಸಿದೊಯ್ಯುತ್ತದೆ. ತರಗೆಲೆ ಕೊಳೆತ ಹಾಡಿ, ತೋಟದ ಮಣ್ಣಿನ ಹ್ಯೂಮಿಕ್ ಆಮ್ಲ ಮೂಳೆಯೊಳಗೆ ಇಳಿದು, ಡಿಎನ್‌ಎ ಇದ್ದರೂ ಅದನ್ನು ಪರೀಕ್ಷೆಗಾಗಿ ಹಲವು ಪ್ರತಿ ಮಾಡುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಪಕ್ಕೆಲುಬಿನ ಚೂರು ತುಂಬಿ ಕಳಿಸಿ ಪ್ರಯೋಜನವಿಲ್ಲ. ಬೇರು ಗಟ್ಟಿಯಾಗಿರುವ, ಹುಳುಕಿಲ್ಲದ ಎರಡು ದವಡೆಹಲ್ಲು, ತೊಡೆಮೂಳೆಯ ನಡುಭಾಗದಿಂದ 4ರಿಂದ 8 ಸೆಂ.ಮೀ. ತುಂಡು, ತಲೆಬುರುಡೆ ಇದ್ದರೆ ಒಳಗಿವಿಯ ಗಟ್ಟಿ ಮೂಳೆ ಬೇಕು. ಮಣ್ಣನ್ನು ಒಣ ಬ್ರಶ್‌ನಿಂದ ತೆಗೆಯಬೇಕು, ಬ್ಲೀಚ್ ಬೇಡವೇ ಬೇಡ. ನೆರಳಿನಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಬಿಸಿಲು, ಹೇರ್ ಡ್ರೈಯರ್ ಎರಡೂ ಡಿಎನ್‌ಎಗೆ ಕೆಟ್ಟದ್ದು. ಇಷ್ಟಾದರೂ ಪೂರ್ಣ ಡಿಎನ್‌ಎ ಪ್ರೊಫೈಲ್ ಬಾರದಿದ್ದರೆ ಜೀವಕೋಶದ ಮೈಟೊಕಾಂಡ್ರಿಯ ಎಂಬ ಭಾಗದ ಡಿಎನ್‌ಎ ಉಳಿದಿರಬಹುದು. ಅದು ತಾಯಿಯ ಕಡೆಯಿಂದ ಬರುವುದರಿಂದ ಹೋಲಿಸಲು ತಾಯಿ, ಒಡಹುಟ್ಟಿದವರು ಅಥವಾ ತಾಯಿಯ ಕಡೆಯ ಬಂಧುಗಳು ಬೇಕು.

ಕಾಗದದ ಲಕೋಟೆ ಸರಿಯಾದ ಆಯ್ಕೆಯೇ, ಆದರೆ ಜುಲೈಯ ಗಾಳಿಯಲ್ಲಿ ಕಾಗದವೂ ತೇವ ಕುಡಿಯುತ್ತದೆ. ಒಣಗಿದ ಲಕೋಟೆಯನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಇಡಬೇಕು. ಕಿಟ್‌ನಲ್ಲಿ ಬರುವ ಬಿಳಿ ಜೆಲ್ ತೇವಗೊಂಡಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬಣ್ಣ ಬದಲಿಸುವುದನ್ನು ಕೊಳ್ಳಬೇಕು. ನೀಲಿ ಜೆಲ್ ಗುಲಾಬಿಯಾದರೆ ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಲೇಬಲ್‌ಗೆ ಜೆಲ್ ಪೆನ್ ಬೇಡ, ಮಾರ್ಕರ್ ಆಲ್ಕೋಹಾಲ್‌ನಲ್ಲಿ ಅಳಿಸುತ್ತದೆ. ದಪ್ಪ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಸಂಖ್ಯೆ, ಠಾಣೆ, ದಿನಾಂಕ ಬರೆದು ಬಾಟಲಿಯ ಒಳಗೊಂದು, ಹೊರಗೊಂದು ಇಡಬೇಕು.

ನಮೂನೆಯಲ್ಲಿ ‘ಸತ್ತು ಎಷ್ಟು ದಿನ’ ಎಂಬ ಕಲಂ ಇದ್ದರೆ ಅಗಲವಾದ ಅಂದಾಜನ್ನೇ ಬರೆಯಿರಿ. ಗಾಳಿಯಲ್ಲಿ ಒಂದು ವಾರ ಎಂದರೆ ನೀರಿನಲ್ಲಿ ಎರಡು, ಮಣ್ಣಿನಲ್ಲಿ ಎಂಟು ಎಂಬ ಹಳೆಯ ಸೂತ್ರ ಯುರೋಪಿನ ಚಳಿಗೆ ಹುಟ್ಟಿದ್ದು. ನಮ್ಮ ಸೆಕೆಯಲ್ಲಿ ನಾಲ್ಕು ದಿನದ ಶವ ಎರಡು ವಾರದ್ದೆಂದು ಕಂಡರೆ, ನಿಜವಾದ ವ್ಯಕ್ತಿಯ ಹೆಸರು ಪಟ್ಟಿಯ ಹುಡುಕಾಟದಿಂದಲೇ ಹೊರಗೆ ಬೀಳುತ್ತದೆ. ಸಮುದ್ರದ ಶವಕ್ಕೆ ದಿಕ್ಕೂ ಮುಖ್ಯ. ಮಳೆಗಾಲದಲ್ಲಿ ಕರಾವಳಿಯ ಪ್ರವಾಹ ಸಾಮಾನ್ಯವಾಗಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ಜುಲೈಯಲ್ಲಿ ಉಳ್ಳಾಲದಲ್ಲಿ ದಡ ಸೇರಿದ ಶವಕ್ಕೆ ಉಡುಪಿಯ ಠಾಣೆಗಳ ಪಟ್ಟಿಯನ್ನೂ ನೋಡಬೇಕು.

ಕಿಟ್‌ನಲ್ಲಿ ನಿಜಕ್ಕೂ ಮೆಚ್ಚುವಂಥದ್ದು ಎಫ್‌ಟಿಎ ಕಾರ್ಡ್, ಅದೂ ಶವಕ್ಕಿಂತ ಮನೆಯವರ ರಕ್ತದ ಮಾದರಿಗೆ. ಹನಿ ಹಾಕಿ, ಮುಟ್ಟದೆ ಒಣಗಿಸಿ, ಜೆಲ್ ಜೊತೆ ಇಟ್ಟರೆ ಶೈತ್ಯಾಗಾರವಿಲ್ಲದೆ ವರ್ಷಗಟ್ಟಲೆ ಉಳಿಯುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನೊಂದಿಗೆ 7 ಮೀನುಗಾರರು ಕಾಣೆಯಾದರು. ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇಯಲ್ಲಿ. ಇಂಥ ಕಾಯುವಿಕೆಯಲ್ಲಿ ತಂದೆತಾಯಿ ತೀರಿಕೊಳ್ಳಬಹುದು, ಕಾರ್ಡ್ ಇರುತ್ತದೆ. ತಂದೆತಾಯಿ ಇಬ್ಬರದ್ದೂ, ಇಲ್ಲವಾದರೆ ಮಕ್ಕಳದ್ದು ತೆಗೆದುಕೊಳ್ಳಬೇಕು. ಒಬ್ಬ ಅಣ್ಣನದ್ದು ಮಾತ್ರ ಇದ್ದರೆ ಪುರಾವೆ ದುರ್ಬಲ. ಬಜ್ಪೆಯಲ್ಲಿ 158 ಮಂದಿಯನ್ನು ಬಲಿತೆಗೆದುಕೊಂಡ 2010ರ ವಿಮಾನ ದುರಂತದಲ್ಲಿ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆ ಡಿಎನ್‌ಎ ಪರೀಕ್ಷೆ ನಡೆಸಿದರೂ 12 ಶವಗಳು ಯಾರಿಗೂ ಹೊಂದದೆ ಉಳಿದವು. ಬೆಂದ ದೇಹಗಳನ್ನು ಕಣ್ಣಂದಾಜಿನಲ್ಲಿ ಗುರುತಿಸಿ ಒಯ್ದಾಗ ಆಗುವ ಅದಲುಬದಲನ್ನು ಆಮೇಲೆ ಯಾವ ಪರೀಕ್ಷೆಯೂ ಸರಿಪಡಿಸಲಾರದು. ಮನೆಯವರ ಮಾದರಿ ಹಸ್ತಾಂತರಕ್ಕಿಂತ ಮೊದಲೇ ಬೇಕು.

ಚೀಲ, ಬೆರಳಚ್ಚಿನ ಪೆಟ್ಟಿಗೆ, ಬಿಳಿ ಜೆಲ್ ಬಿಟ್ಟು ಉಳಿದ ಕಿಟ್ ಕೊಳ್ಳಲು ಅಡ್ಡಿಯಿಲ್ಲ. ಆಲ್ಕೋಹಾಲ್, ಗ್ಲಿಸರಿನ್, ಸಿರಿಂಜ್ ಮೆಡಿಕಲ್‌ನಿಂದ, ಉಪ್ಪು, ಪೆನ್ಸಿಲ್ ಪಕ್ಕದ ಅಂಗಡಿಯಿಂದ. ಮೇ ಕೊನೆಯೊಳಗೆ ಪ್ರತಿ ಪೆಟ್ಟಿಗೆ ತೆರೆದು ಜೆಲ್ ಕಾಯಿಸಿ, ತೇವ ತಗುಲಿದ ಕಾರ್ಡ್ ಬದಲಿಸಿ, ಅವಧಿ ಮುಗಿದ ಸ್ವಾಬ್ ಎಸೆದು ಮತ್ತೆ ಮುಚ್ಚಿಡಿ.