ಬೇಕಲ ಕೋಟೆ ‘ಪ್ಯಾಕೇಜ್’ ಅಂತ ಯಾರಾದ್ರೂ ಮೆಸೇಜ್ ಹಾಕಿದ್ರೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಶಿವಮೊಗ್ಗದ ನೆಂಟರಿಗೆ ನಮ್ಮ ಕಾಸರಗೋಡು ಕಡೆಯ ಬೇಕಲ ತೋರಿಸುವುದಕ್ಕೆ ಅಂತ ಬುಕ್ ಮಾಡಿದ್ದು. ಎಂಟು ಜನ, ಅದರಲ್ಲಿ ಇಬ್ಬರು ಸಣ್ಣ ಮಕ್ಕಳು. ಏಜೆಂಟ್ ವಾಟ್ಸಾಪಲ್ಲಿ ಕಳಿಸಿದ ಪಟ್ಟಿ ಹೀಗಿತ್ತು: ಕೋಟೆಗೆ ನಡೆದು ಹೋಗುವಷ್ಟು ಹತ್ತಿರ ಸೀ ವ್ಯೂ ರೂಮು, ಗೈಡ್, ಹೌಸ್‌ಬೋಟ್, ಕೋಟೆ ಮೇಲಿಂದ ಸನ್‌ಸೆಟ್. ತಲೆಗೆ 2,800, ಒಟ್ಟು 22,400. ಅರ್ಧ ಅಡ್ವಾನ್ಸ್, 11,200. ಅದನ್ನು ಹಾಕಲು ಕೊಟ್ಟ ನಂಬರಿನಲ್ಲಿ ಹೋಮ್‌ಸ್ಟೇ ಹೆಸರು ಇಲ್ಲ, ಯಾರದೋ ಹೆಸರು. ಕೇಳಿದ್ದಕ್ಕೆ “ನಮ್ಮ ಅಕೌಂಟೆಂಟ್ ಸರ್.”

ರೂಮು ಉದುಮ ಪೇಟೆಯಿಂದ ಒಳಗೆ, ತೋಟದ ಮಧ್ಯೆ. ಕಿಟಕಿ ತೆಗೆದರೆ ಪಕ್ಕದ ಮನೆಯ ನೀರಿನ ಟ್ಯಾಂಕ್. ಸಮುದ್ರ ಎಲ್ಲಿ ಮಾರಾಯಾ ಅಂದರೆ, “ವ್ಯೂ ಟೆರೇಸಿಂದ ಸರ್. ರೂಮಿಂದ ಅಂತ ನಾವು ಬರೆದಿಲ್ಲ.” ಬರೆದದ್ದನ್ನು ತೆಗೆದು ನೋಡಿದೆವು. ‘ಸೀ ವ್ಯೂ ರೂಮು’ ಅಂತಲೇ ಉಂಟು. ಅದನ್ನು ತೋರಿಸಿದ್ದಕ್ಕೆ ಒಂದು ಕೈಮುಗಿಯುವ ಇಮೋಜಿ, ಅಷ್ಟೇ.

ಹೌಸ್‌ಬೋಟ್ ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ, ಅದೇ ಇವರ ಬಂಡವಾಳ. ಬೇಕಲದಲ್ಲಿ ಹೌಸ್‌ಬೋಟ್ ಹತ್ತುವ ಜಾಗ ಇಲ್ಲ. ಅದು ನೀಲೇಶ್ವರದ ಹತ್ತಿರ ಕೋಟಪ್ಪುರಂ ಕಡೆ, ವಲಿಯಪರಂಬ ಹಿನ್ನೀರಿಗೆ. ಕೋಟೆಯಿಂದ ಕಾಞಂಗಾಡು ದಾಟಿ ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಹೋಗಿ ಬರುವ ವ್ಯಾನಿನ ಬಾಡಿಗೆ ಬೇರೆ! ಮಧ್ಯಾಹ್ನ ಕರೆದುಕೊಂಡು ಹೋದವರು ವಾಪಸು ಕೋಟೆ ಬಾಗಿಲಿಗೆ ತಂದದ್ದು ಕತ್ತಲಾಗುವ ಹೊತ್ತಿಗೆ. ಬಾಗಿಲು ಹಾಕಿಯಾಗಿತ್ತು. ಸನ್‌ಸೆಟ್ ಎಲ್ಲಿ ಅಂತ ಫೋನ್ ಮಾಡಿದರೆ ಆತ ಹೇಳಿದ್ದು, “ಟೆನ್ಷನ್ ಬೇಡ ಸರ್, ನಾಳೆ ಸನ್‌ರೈಸ್ ತೋರಿಸ್ತೇವೆ.”

ಪಡುವಣ ಕಡಲಿನ ಕೋಟೆಯಲ್ಲಿ ಸನ್‌ರೈಸ್! ಅದೂ ಬೆಳಿಗ್ಗೆ 8ಕ್ಕೆ ತೆರೆಯುವ ಕೋಟೆಯಲ್ಲಿ!

ಈಗ ಮುಖ್ಯ ವಿಷಯ, ಟಿಕೆಟ್. ಮರುದಿನ ಬಂದ ಗೈಡ್ ‘ಎಂಟ್ರಿ ಪಾಸ್’ ಅಂತ ತಲೆಗೆ 150 ಕೇಳಿದ. ಎಂಟು ಜನಕ್ಕೆ 1,200. ಕ್ಯೂ ನಿಲ್ಲುವುದು ಬೇಡ, ತಾನೇ ತರುತ್ತೇನೆ ಅಂತ ದುಡ್ಡು ತೆಗೆದುಕೊಂಡು ಹೋಗಿ ಕೈಗೆ ಕೊಟ್ಟದ್ದು ಆರು ಟಿಕೆಟ್. ಪ್ರತಿಯೊಂದರಲ್ಲೂ 25 ರೂಪಾಯಿ ಅಂತ ಅಚ್ಚಾಗಿದೆ. ಇದು ಪುರಾತತ್ವ ಇಲಾಖೆಯ ಕೋಟೆ, ಭಾರತೀಯರಿಗೆ 25, ಹದಿನೈದರ ಒಳಗಿನ ಮಕ್ಕಳಿಗೆ ಟಿಕೆಟೇ ಇಲ್ಲ. ಅಂದರೆ 150 ರೂಪಾಯಿಯ ಕೆಲಸಕ್ಕೆ 1,200. ನೆಂಟರ ಎದುರು ಆ ಆರು ಚೀಟಿ ಹಿಡಿದುಕೊಂಡು ನಿಂತಾಗ ಮುಖ ಎಲ್ಲಿ ಇಡುವುದು ಹೇಳಿ. ಏಜೆಂಟನಿಗೆ ಫೋನ್ ಮಾಡಿದರೆ, “ಅದು ನಾರ್ಮಲ್ ಟಿಕೆಟ್ ಸರ್. ನಿಮ್ಮದು ಪ್ಯಾಕೇಜ್ ಟಿಕೆಟ್.” ಅಚ್ಚು ಒಂದೇ ಅಲ್ವಾ ಅಂದರೆ, “ಸರ್, ಅದು ಗವರ್ನಮೆಂಟ್ ವಿಷಯ.” ಎಂತ ಗವರ್ನಮೆಂಟ್? ಮಿಕ್ಕ 1,050 ಗವರ್ನಮೆಂಟಿಗೆ ಹೋಯ್ತಾ?

ಆ ಗೈಡ್ ಒಳಗೆ ಹೋಗಿ ಹೇಳಿದ್ದು, ಕೋಟೆ ಕಟ್ಟಿಸಿದ್ದು ಟಿಪ್ಪು ಅಂತ. ಶಿವಮೊಗ್ಗದವರ ಎದುರು! ಹದಿನೇಳನೇ ಶತಮಾನದಲ್ಲಿ ಅವರ ಜಿಲ್ಲೆಯದೇ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ಹೈದರ್, ಟಿಪ್ಪು ಆಮೇಲೆ ಬಂದವರು. ನೆಂಟರಲ್ಲಿ ಹಿರಿಯರು ತಿದ್ದಿದರು. “ಎರಡೂ ಹೇಳ್ತಾರೆ ಸರ್” ಅಂದ. ಈ ಜ್ಞಾನಕ್ಕೆ 600 ಬೇರೆ.

ಏಜೆಂಟ್ ಇಲ್ಲದೆ ಹೋಗುವುದು ಕಷ್ಟವೇ ಅಲ್ಲ. ಕಾಸರಗೋಡಿನಿಂದ ಕೋಟೆ ಸುಮಾರು 16 ಕಿಲೋಮೀಟರು. ಕಾಞಂಗಾಡು ಬಸ್ಸು ಎರಡು ದಾರಿಯಲ್ಲಿ ಹೋಗ್ತದೆ. ಚಂದ್ರಗಿರಿ ಸೇತುವೆ, ಮೇಲ್ಪರಂಬ, ಉದುಮ, ಪಾಲಕುನ್ನು ದಾರಿಯದ್ದೇ ಹತ್ತಬೇಕು. ಚಟ್ಟಂಚಾಲ್, ಪೊಯಿನಾಚಿ, ಪೆರಿಯ ಕಡೆ ಹೆದ್ದಾರಿಯಲ್ಲಿ ಹೋಗುವುದಕ್ಕೆ ಕೋಟೆ ಸಿಗುವುದಿಲ್ಲ, ಕಂಡಕ್ಟರನ್ನು ಕೇಳಿಯೇ ಹತ್ತಿ. ಬೇಕಲ ಕೋಟೆ ಹೆಸರಿನ ಸ್ಟೇಷನ್ ಉಂಟು, ಆದರೆ ದೂರದ ರೈಲು ಹೆಚ್ಚಾಗಿ ಅಲ್ಲಿ ನಿಲ್ಲುವುದಿಲ್ಲ, ಕಾಸರಗೋಡಲ್ಲೋ ಕಾಞಂಗಾಡಲ್ಲೋ ಇಳಿಯಿರಿ. ಕೋಟೆ ನಲವತ್ತು ಎಕರೆ, ನೆರಳು ಕಡಿಮೆ. ಬೆಳಿಗ್ಗೆಯೇ ನುಗ್ಗಿ, ನೀರು ಹಿಡಿದುಕೊಳ್ಳಿ. ಸೂರ್ಯ ಮುಳುಗುವುದನ್ನು ಪಳ್ಳಿಕ್ಕರೆ ಬೀಚಲ್ಲಿ ನೋಡಿ, ಅಲ್ಲಿ ಯಾರೂ ಬಾಗಿಲು ಹಾಕಿ ಓಡಿಸುವುದಿಲ್ಲ.

ರೂಮು ಬೇಕಾದರೆ ಮೊದಲು ಲೊಕೇಶನ್ ಪಿನ್ ಕೇಳಿ, ಆಮೇಲೆ ಅದೇ ರೂಮಿನ ಕಿಟಕಿಯಿಂದ ವೀಡಿಯೋ ಕಾಲ್. ನಾಳೆ ಕಳಿಸ್ತೇನೆ ಅಂದರೆ ಬಿಟ್ಟುಬಿಡಿ. ಹೌಸ್‌ಬೋಟಿಗೆ ಕೋಟಪ್ಪುರಂನಲ್ಲೇ ನೇರ ಮಾತಾಡಿ. ಗ್ರಾಹಕ ಸಹಾಯವಾಣಿ 1915 ಉಂಟು. ಚಾಟ್, ಟಿಕೆಟ್ ಫೋಟೋ, ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡು ಫೋನ್ ಮಾಡಿ.

ಉಳಿದ 11,200 ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆತ ಇನ್ನೂ ಮೆಸೇಜ್ ಹಾಕ್ತಾ ಇದ್ದಾನೆ: “ಗುಡ್ ಮಾರ್ನಿಂಗ್ ಸರ್, ಬ್ಯಾಲೆನ್ಸ್?”